ಬಿಯರ್ ಮಲಗಿದೆ, ಸದ್ದು ಮಾಡಬೇಡಿ

ಅತ್ತೆಯ ಮನೆಯ ಕೆಳಗಿನ ಶೆಡ್ಡಿನಲ್ಲಿ ಬಿಯರ್ ಮಾಡಲು ಹೊರಡುವವನಿಗೆ ಎರಡು ವಿದ್ಯೆ ಬರಬೇಕು. ಒಂದು, ಬಿಯರ್ ಮಾಡುವುದು. ಇನ್ನೊಂದು, ಅದನ್ನು ಸದ್ದಿಲ್ಲದೆ ಮಾಡುವುದು. ನೊರೆಯಣ್ಣನಿಗೆ ಮೊದಲನೆಯದು ಅರ್ಧಂಬರ್ಧ ಬರುತ್ತಿತ್ತು. ಎರಡನೆಯದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ.

ನೊರೆಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಇಟ್ಟದ್ದು ಗಂಭೀರವಾದ, ಬ್ಯಾಂಕ್ ಗುಮಾಸ್ತನಿಗೆ ಒಪ್ಪುವಂಥ ಹೆಸರು. ಅವನು ಬ್ಯಾಂಕ್ ಗುಮಾಸ್ತನೇ ಆಗಿದ್ದ. ಆದರೆ ಆ ಕೆಲಸ ಬಿಟ್ಟು ಬಿಯರಿಗೆ ಇಳಿದ ಹೊಸತರಲ್ಲಿ ಅವನ ಯಾವ ಬಾಟ್ಲಿ ತೆರೆದರೂ ಒಳಗಿದ್ದದ್ದರಲ್ಲಿ ಅರ್ಧ ಸೂರಿಗೆ ಹಾರುತ್ತಿತ್ತು, ಉಳಿದರ್ಧ ತೆರೆದವರ ಅಂಗಿಗೆ. ಲೋಟಕ್ಕೆ ಸಿಗುತ್ತಿದ್ದದ್ದು ನೊರೆ ಮಾತ್ರ. ಬೀದಿಯವರು ಒಮ್ಮತದಿಂದ ಮರುನಾಮಕರಣ ಮಾಡಿದರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎನ್ನುತ್ತಿದ್ದ ಎದುರು ಅಂಗಡಿಯ ತಗಡಿನವನು, "ಇವರದ್ದು ಕೈಯೂ ನೊರೆ, ಬಾಯೂ ನೊರೆ."

ಶೆಡ್ಡು ಅತ್ತೆಯದು. ಮಾವನವರ ಕಾಲದಲ್ಲಿ ಅಲ್ಲೊಂದು ಕಾರು ನಿಲ್ಲುತ್ತಿತ್ತು. ಮಾವನವರೂ ಕಾರೂ ಹೆಚ್ಚು ಕಡಿಮೆ ಒಟ್ಟಿಗೇ ತೀರಿಕೊಂಡ ಮೇಲೆ ಅದು ಖಾಲಿ ಬಿದ್ದಿತ್ತು. ಅದರ ನೆತ್ತಿಯ ಮೇಲೆ ಸರಿಯಾಗಿ ಅತ್ತೆಯ ಮಲಗುವ ಕೋಣೆ. ನಡುವೆ ಇದ್ದದ್ದು ಹಲಗೆಯ ನೆಲ ಮತ್ತು ಅಳಿಯನ ಹೆದರಿಕೆ.

ಹೆದರಿಕೆಗೆ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ. ಅತ್ತೆ ಬೈಯುವವರಲ್ಲ, ಬೈಯಬೇಕಾದರೆ ಮೊದಲು ಮಾತಾಡಿಸಬೇಕಲ್ಲ. ಮದುವೆಯಾದ ದಿನದಿಂದ ಅವರು ಅವನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಆ ಮನೆಯಲ್ಲಿ ಅಕ್ಷರಶಃ ಪಾಲಿಸುತ್ತಿದ್ದರು. ಹೇಳುವುದೇನಿದ್ದರೂ ಅವನ ಎದುರಿಗೇ ಮಗಳಿಗೆ ಹೇಳುತ್ತಿದ್ದರು.

"ಶೆಡ್ಡಲ್ಲಿ ಇರೋರಿಗೆ ಹೇಳು, ಮೆಟ್ಟಿಲ ಹತ್ತಿರ ಒದ್ದೆ ಆಗಿದೆ."

"ಒರೆಸ್ತಾರಂತೆ ಅಂತ ಅಮ್ಮನಿಗೆ ಹೇಳು," ಎನ್ನುತ್ತಿದ್ದ ನೊರೆಯಣ್ಣ, ಒಂದು ಮಾರು ದೂರದಲ್ಲಿ ನಿಂತು.

"ನೀವಿಬ್ಬರೂ ಎದುರುಬದುರು ನಿಂತಿದ್ದೀರಿ," ಎನ್ನುತ್ತಿದ್ದಳು ಹೆಂಡತಿ. "ನಾನು ಯಾಕೆ ಮಧ್ಯದಲ್ಲಿ? ಟೆಲಿಫೋನ್ ಎಕ್ಸ್‌ಚೇಂಜಾ?" ಆದರೂ ದಾಟಿಸುತ್ತಿದ್ದಳು. ಅಭ್ಯಾಸಬಲ.

ಶೆಡ್ಡಿನಲ್ಲಿ ಕೆಲಸ ಶುರುವಾದ ಮೊದಲ ದಿನಗಳಲ್ಲಿ ಮಧ್ಯಾಹ್ನ ಊಟದ ನಂತರ ಮೇಲಿನಿಂದ ಟಕಟಕ, ಟಕಟಕ ಎಂದು ಕೇಳಿಬರುತ್ತಿತ್ತು. ಅತ್ತೆ ಸಿಟ್ಟಿನಲ್ಲಿ ಕಾಲು ಕುಟ್ಟುತ್ತಿದ್ದಾರೆ ಎಂದು ನೊರೆಯಣ್ಣ ತೀರ್ಮಾನಿಸಿದ. ಇದನ್ನು ಅವನು ಯಾರ ಬಳಿಯೂ ಕೇಳಿ ಖಚಿತಪಡಿಸಿಕೊಳ್ಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ? ಒಂದು ದಿನ ಕೈಜಾರಿ ಖಾಲಿ ಪೀಪಾಯಿ ನೆಲಕ್ಕುರುಳಿತು. ಅದು ಮಾಡಿದ ಸದ್ದಿಗೆ ಎದುರಿನ ತಗಡಿನವನೇ ಸುತ್ತಿಗೆ ಕೆಳಗಿಟ್ಟು ಗೌರವದಿಂದ ನೋಡಿದ. ಮೇಲೆ ಅತ್ತೆ ಕೆಮ್ಮಿದರು.

ಒಂದೇ ಒಂದು ಕೆಮ್ಮು. ಅದರ ಭಾವಾರ್ಥವನ್ನು ನೊರೆಯಣ್ಣ ವಾರವಿಡೀ ಬಿಡಿಸಿದ. ಕೊನೆಗೆ ತಾತ್ಪರ್ಯ ಸಿಕ್ಕಿತು: ಇನ್ನೊಂದು ಸಲ ಸದ್ದಾದರೆ ಶೆಡ್ಡು ಇಲ್ಲ.

ಆಮೇಲೆ ಪಂಪಿಗೆ ಹಳೆಯ ರಜಾಯಿ ಸುತ್ತಲಾಯಿತು. ಪೀಪಾಯಿಗಳು ಹಾಸಿಗೆಯ ಮೇಲೆ ಉರುಳತೊಡಗಿದವು. ಕಬ್ಬಿಣದ ಸಟ್ಟುಗ ಹೋಗಿ ಮರದ್ದು ಬಂತು. ನೊರೆಯಣ್ಣನೂ, ಪಾಲುದಾರನಾದ ಅವನ ತಂಗಿಯ ಗಂಡ ಭಾವಮೈದುನನೂ ಚಪ್ಪಲಿ ಕಳಚಿ ಒಳಗೆ ಕಾಲಿಡುತ್ತಿದ್ದರು ಮತ್ತು ಕೈಸನ್ನೆಯಲ್ಲಿ ವ್ಯವಹರಿಸುತ್ತಿದ್ದರು. ಬೆರಳು ಎತ್ತಿದರೆ ನಲ್ಲಿ ಮುಚ್ಚು. ಅಂಗೈ ಎತ್ತಿದರೆ ಉಕ್ಕುತ್ತಿದೆ. ಎರಡೂ ಕೈ ಎತ್ತಿದರೆ ಓಡು. ಬಾಗಿಲಿಗೆ, ಮೆಟ್ಟಿಲು ಇಳಿದು ಬರುವವರಿಗೂ ಕಾಣುವಂತೆ, ಒಂದು ಬೋರ್ಡು ಬಿತ್ತು: "ಸದ್ದು ಮಾಡಬೇಡಿ." ಬೋರ್ಡು ಬಿದ್ದ ಮರುದಿನವೇ ಮೇಲಿನ ಟಕಟಕ ನಿಂತಿತು. ಊಟವಾದ ಮೇಲೆ ಮಂಚ ಒಮ್ಮೆ ಕಿರ್ರೆನ್ನುವುದು, ಆಮೇಲೆ ಚಹಾದ ಹೊತ್ತಿನವರೆಗೆ ನಿಶ್ಶಬ್ದ. ಅತ್ತೆಯ ಸಿಟ್ಟು ಇಳಿದು ನಿದ್ದೆ ಹತ್ತಿತು ಎಂದು ನೊರೆಯಣ್ಣ ನಿಟ್ಟುಸಿರು ಬಿಟ್ಟ, ಅದನ್ನೂ ಮೆಲ್ಲಗೆ.

ಆ ನಿಶ್ಶಬ್ದದಲ್ಲಿ ಅವನು ಸುಖವಾಗಿದ್ದ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮೊಳಕೆ ಬಾರ್ಲಿ ಬಿಸಿನೀರಿನಲ್ಲಿ ನೆನೆದಾಗ ಏಳುವ ಗಂಜಿಯಂಥ ವಾಸನೆ, ಹುದುಗು ಹತ್ತಿದ ಮೇಲೆ ಟ್ಯಾಂಕಿನಿಂದ ಬಕೆಟ್ಟಿಗೆ ಇಳಿಬಿಟ್ಟ ಕೊಳವೆಯಲ್ಲಿ ಬುಳುಕ್, ಬುಳುಕ್ ಎನ್ನುವ ಗುಳ್ಳೆ. ಬ್ಯಾಂಕಿನಲ್ಲಿ ಇದ್ದಷ್ಟು ಕಾಲವೂ ಅವನ ಕೆಲಸದಿಂದ ಒಂದು ಗುಳ್ಳೆಯೂ ಎದ್ದಿರಲಿಲ್ಲ.

ಕಾಲ ಹೀಗೆ ಸಾಗಿರುವಾಗ ಭಾವಮೈದುನ, ಯಾರಿಗೂ ತಿಳಿಸದೆ, ಪತ್ರಿಕೆಯ ಅಂಕಣಕಾರನೊಬ್ಬನನ್ನು ಕರೆತಂದ. ತಿನ್ನುವ ಕುಡಿಯುವ ವಿಷಯಗಳ ಮೇಲೆ ಬರೆಯುವವನು. ತನ್ನ ಮೂಗಿಗೆ ವಿಮೆ ಮಾಡಿಸಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ಬಂದದ್ದು ಸರಿಯಾಗಿ ಮಂಚ ಕಿರ್ರೆಂದ ಗಳಿಗೆಯಲ್ಲಿ. ಬಾಗಿಲಲ್ಲೇ ನಿಂತು, ಸಭೆಗೆ ಹೇಳುವವನಂತೆ, "ಓಹೋ, ಇದೇನಾ ಆ ಜಾಗ..." ಎಂದು ಶುರುಮಾಡಿದ.

ನೊರೆಯಣ್ಣ ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದ.

ಅಂಕಣಕಾರ ಸುತ್ತ ನೋಡಿದ. ರಜಾಯಿ ಹೊದ್ದ ಪಂಪು. ಹಾಸಿಗೆಯ ಮೇಲೆ ಪವಡಿಸಿದ ಪೀಪಾಯಿಗಳು. ಬರಿಗಾಲಿನ ಇಬ್ಬರು ಗಂಡಸರು. "ಯಾಕೆ?" ಎಂದ, ಪಿಸುದನಿಯಲ್ಲಿ.

ಯಾಕೆ ಎಂಬುದಕ್ಕೆ ನಿಜವಾದ ಉತ್ತರ, ಮೇಲೆ ಅತ್ತೆ ಮಲಗಿದ್ದಾರೆ. ಅದು ನೊರೆಯಣ್ಣನ ಗಂಟಲವರೆಗೆ ಬಂತು. ಆದರೆ ಮೀಸೆ ನರೆತ ಮನುಷ್ಯ, ಸ್ವಂತ ಉದ್ಯಮ ನಡೆಸುವವನು, ವಿಮೆ ಮಾಡಿಸಿದ ಮೂಗಿನ ಮುಂದೆ ಆ ಮಾತನ್ನು ಹೇಗೆ ಆಡುವುದು?

"ಬಿಯರ್ ಮಲಗಿದೆ," ಎಂದ.

ಅಂಕಣಕಾರ ನಿಧಾನವಾಗಿ ಬೂಟು ಕಳಚಿದ. "ಮಲಗಿದೆಯೇ?"

"ಹೂಂ. ಮಧ್ಯಾಹ್ನದ ಹೊತ್ತು."

"ಎಬ್ಬಿಸಿದರೆ?"

ನೊರೆಯಣ್ಣ ಮೇಲೆ ನೋಡಿದ. "ಅಯ್ಯೋ, ಬೇಡಿ. ಎಬ್ಬಿಸಿದ್ರೆ ಆಮೇಲೆ ಬರೀ ಕಹಿ."

"ಎಷ್ಟು ಕಾಲದಿಂದ ಈ ಕ್ರಮ ಪಾಲಿಸುತ್ತಿದ್ದೀರಿ?"

"ಮದುವೆ ಆದಾಗಿನಿಂದ ಅಂತಲೇ ಇಟ್ಕೊಳ್ಳಿ."

ಅಂಕಣಕಾರನ ಕಣ್ಣು ತುಂಬಿ ಬಂತು. ಮೂಲೆಯಲ್ಲಿ ನಿಂತಿದ್ದ ಭಾವಮೈದುನ ಎರಡೂ ಕೈ ಎತ್ತಿ ಓಡು ಎಂದು ಸನ್ನೆ ಮಾಡುತ್ತಿದ್ದ, ಆದರೆ ಯಾರು, ಎಲ್ಲಿಗೆ ಎಂಬುದು ಅವನಿಗೂ ಸ್ಪಷ್ಟವಿರಲಿಲ್ಲ.

ಆ ಭಾನುವಾರದ ಪತ್ರಿಕೆಯಲ್ಲಿ ಅರ್ಧ ಪುಟ ತುಂಬ ಲೇಖನ ಬಂತು. ಜಗತ್ತೆಲ್ಲ ಗದ್ದಲದಲ್ಲಿ ಮುಳುಗಿರುವಾಗ, ಮಾತು ಬೆಳ್ಳಿ ಮೌನ ಬಂಗಾರ ಎಂಬುದನ್ನು ಬಿಯರಿಗೂ ಕಲಿಸಿದ ಸಾಧಕನೊಬ್ಬ ಒಂದು ಸಣ್ಣ ಶೆಡ್ಡಿನಲ್ಲಿದ್ದಾನೆ ಎಂದಿತ್ತು. ಬಿಯರನ್ನು ಮಗುವಿನಂತೆ ಮಲಗಿಸುತ್ತಾನೆ ಎಂದಿತ್ತು. ಗುಟುಕರಿಸಿದಾಗ ನಾಲಿಗೆಯ ಮೇಲೆ ಒಂದು ವಿಶ್ರಾಂತಿ ಇಳಿಯಿತು ಎಂದೂ ಇತ್ತು.

"ಇದು ಸುಳ್ಳಲ್ವಾ?" ಎಂದ ನೊರೆಯಣ್ಣ, ಪತ್ರಿಕೆಯನ್ನು ದೂರ ಹಿಡಿದು.

"ಭಾವ, ನೀವು ಸುಮ್ಮನಿರಿ," ಎಂದ ಭಾವಮೈದುನ. ಅವನು ಆಗಲೇ ಫೋನಿನಲ್ಲಿದ್ದ. "ನೀವು ಇವತ್ತಿನವರೆಗೆ ಆಡಿರೋ ಮಾತಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ. ಇನ್ನೊಂದು ಆಡಿ ಕೆಡಿಸಬೇಡಿ."

ಹೊಸ ಲೇಬಲ್ ಬಂತು: ರಜಾಯಿ ಹೊದ್ದು ಕಣ್ಣು ಮುಚ್ಚಿದ ಪೀಪಾಯಿ, ಕೆಳಗೆ "ನಿದ್ದೆಯಲ್ಲಿ ಮಾಗಿದ್ದು" ಎಂಬ ಸಾಲು. ಹೋಟೆಲುಗಳವರು ಬಂದರು. ಅಂಗಡಿಗಳವರು ಬಂದರು. ನಿದ್ದೆ ಬಾರದವರು ಬಂದು, ಇದನ್ನು ಊಟಕ್ಕೆ ಮುಂಚೆ ಕುಡಿಯಬೇಕೋ ಆಮೇಲೋ ಎಂದು ಕೇಳಿದರು. ಪಕ್ಕದ ಬೀದಿಯ ತಂದೆಯೊಬ್ಬ ಅಳುವ ಕೂಸನ್ನು ಎತ್ತಿಕೊಂಡು ಬಂದ. "ಸ್ವಲ್ಪ ಹೊತ್ತು ಒಳಗೆ ಹಿಡ್ಕೊಂಡು ನಿಲ್ತೀನಿ ಅಣ್ಣ. ಬಿಯರೇ ಮಲಗುತ್ತೆ ಅಂದ್ಮೇಲೆ ಇವನು ಯಾವ ಲೆಕ್ಕ." ಕೂಸು ಮಲಗಲಿಲ್ಲ. ತಂದೆ ನಿಂತಲ್ಲೇ ಮಲಗಿದ.

ಪೇಚಾಟವಾದದ್ದು ತಗಡಿನವನಿಗೆ. ಗಿರಾಕಿಗಳು ಅವನ ಅಂಗಡಿಯ ಮುಂದೆ ನಿಂತು, "ಮೆಲ್ಲಗೆ ಬಡಿಯಪ್ಪ, ಬಿಯರ್ ಎದ್ದೀತು," ಎನ್ನತೊಡಗಿದರು. ಅವನು ಸುತ್ತಿಗೆ ಹಿಡಿದುಕೊಂಡೇ ಬೀದಿ ದಾಟಿ ಬಂದ.

"ನಮ್ಮ ತಾತನ ಕಾಲದಿಂದ ಇಲ್ಲಿ ಬಡೀತಿದ್ದೀವಿ. ನಿಮ್ಮ ಬಿಯರಿಗೆ ಅಷ್ಟು ನಾಜೂಕು ನಿದ್ದೆ ಆದ್ರೆ ಅದರ ಕಿವಿಗೆ ಹತ್ತಿ ಇಡಿ."

ಭಾವಮೈದುನ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದ. ಬರುವಾಗ ತಗಡಿನವನು ಆ ಬೀದಿಯ ಬಿಯರ್ ಮಾರಾಟಗಾರನಾಗಿದ್ದ. ಮರುದಿನದಿಂದ ಯಾರಾದರೂ ಬೈಕಿನ ಹಾರ್ನ್ ಒತ್ತಿದರೆ ಮೊದಲು ಎದ್ದು ಬರುತ್ತಿದ್ದವನು ಅವನೇ. "ಮನುಷ್ಯತ್ವ ಇದೆಯೇನಯ್ಯಾ? ಒಳಗೆ ಮಲಗಿದೆ."

ಇಷ್ಟೆಲ್ಲದರ ನಡುವೆ ನಿಜವಾದ ಭೂಕಂಪವಾದದ್ದು ಮನೆಯೊಳಗೆ. ಲೇಖನ ಬಂದ ಮಾರನೆಯ ಬೆಳಿಗ್ಗೆ ನೊರೆಯಣ್ಣ ಚಹಾ ಕುಡಿಯುತ್ತ ಕುಳಿತಿದ್ದಾಗ ಅತ್ತೆ ಬಂದು ಎದುರಿಗೆ ನಿಂತರು.

"ಕೆಲಸ ಹೇಗೆ ನಡೀತಿದೆ?"

ನೊರೆಯಣ್ಣ ಹಿಂತಿರುಗಿ ನೋಡಿದ. ಹಿಂದೆ ಹೆಂಡತಿ ಇರಲಿಲ್ಲ. ಗೋಡೆ ಇತ್ತು.

"ನಿಮ್ಮನ್ನೇ ಕೇಳ್ತಿರೋದು," ಎಂದರು ಅತ್ತೆ. "ಪೇಪರಲ್ಲಿ ಓದಿದೆ. ಇಷ್ಟು ಶಿಸ್ತಿನ ಮನುಷ್ಯ ಅಂತ ನನಗೆ ಗೊತ್ತಿರಲಿಲ್ಲ. ಏನೋ ಕೆಲಸ ಕಳ್ಕೊಂಡು ಶೆಡ್ಡು ಸೇರಿದ್ದಾರೆ ಅಂದ್ಕೊಂಡಿದ್ದೆ."

ನೊರೆಯಣ್ಣನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅಳಿಯನಿಗೂ ಒಂದು ಕಾಲ ಬರುತ್ತದೆಂದು ಯಾವ ಗಾದೆಯೂ ಹೇಳಿರಲಿಲ್ಲ. ಬಂದೇಬಿಟ್ಟಿತು. ಅಂದಿನಿಂದ ಅವರು ದಿನಾ ಮಾತಾಡಿಸತೊಡಗಿದರು. ಬಂದವರಿಗೆಲ್ಲ "ನಮ್ಮ ಅಳಿಯಂದಿರು" ಎಂದು ತೋರಿಸುತ್ತಿದ್ದರು. ಅವನು ಅನುಭವಿಸಿದ್ದು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಸುಖ. ಉಗುಳುವಂತಿಲ್ಲ, ನುಂಗುವಂತಿಲ್ಲ. ಬಿಯರ್ ಎಂದೂ ಮಲಗಿರಲಿಲ್ಲ, ಎಲ್ಲ ನಿಮ್ಮ ಭಯಕ್ಕೆ ಮಾಡಿದ್ದು ಎಂದು ಹೇಳಿದರೆ, ಈ ಮಾತೂ ಹೋಗುತ್ತದೆ, ಪ್ರಾಯಶಃ ಶೆಡ್ಡೂ ಹೋಗುತ್ತದೆ.

ಶೆಡ್ಡು ಬೇರೆ ದಾರಿಯಲ್ಲಿ ಹೋಯಿತು. ಬೇಡಿಕೆ ಹೆಚ್ಚಿತು, ಶೆಡ್ಡು ಸಾಲದಾಯಿತು, ಭಾವಮೈದುನ ಊರ ಹೊರಗೆ ಹೊಸ ಬ್ರೂವರಿ ಎಬ್ಬಿಸಿದ. ಆಳೆತ್ತರವನ್ನು ಎಷ್ಟೋ ಮೀರಿದ ಸ್ಟೀಲ್ ಟ್ಯಾಂಕುಗಳು. ಮುಖ ನೋಡಿಕೊಳ್ಳಬಹುದಾದ ಕೊಳವೆಗಳು. ಒಂದು ಕಡೆಯಿಂದ ಖಾಲಿ ಬಾಟ್ಲಿ ನುಂಗಿ ಇನ್ನೊಂದು ಕಡೆಯಿಂದ ತುಂಬಿದ ಬಾಟ್ಲಿ ಉಗುಳುವ ಯಂತ್ರ; ತಗಡಿನ ಮನೆಯಲ್ಲಿ ಕುದುರೆಗಳನ್ನು ಕಟ್ಟಿದರೆ ಯಾವ ಸದ್ದು ಬಂದೀತೋ ಅದೇ ಸದ್ದು. ಹಳೆಯ ಶೆಡ್ಡಿನಲ್ಲಿ ಲೇಬಲ್ಲಿನ ಪೆಟ್ಟಿಗೆಗಳನ್ನು ತುಂಬಿ ಬೀಗ ಹಾಕಿದರು.

ನೊರೆಯಣ್ಣನಿಗೆ ಒಂದು ಗಾಜಿನ ಕೋಣೆ, ತಿರುಗುವ ಕುರ್ಚಿ ಮತ್ತು "ಸ್ಥಾಪಕರು" ಎಂಬ ಫಲಕ ಸಿಕ್ಕಿದವು. ಮೊದಲ ದಿನ ಅವನು ಹೊರಗೆ ಬಂದು ಅಭ್ಯಾಸದಂತೆ ಒಂದು ನಲ್ಲಿಗೆ ಕೈಹಾಕಿದ. ಹೊಸ ಇಂಜಿನಿಯರ್ ಅದನ್ನು ಮೆತ್ತಗೆ ಬಿಡಿಸಿದ.

"ಬೇಡ ಸರ್. ಅದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ."

"ಹಾಗಾದ್ರೆ ಇದು?"

"ಅದನ್ನೂ ಸರ್."

"ನಾನೇನು ನೋಡ್ಕೊಳ್ಳಲಿ?"

"ನೀವು ಸ್ಥಾಪಕರು ಸರ್," ಎಂದ ಇಂಜಿನಿಯರ್, ಡಾಕ್ಟರು ರೋಗಿಗೆ ರೋಗದ ಹೆಸರು ತಿಳಿಸುವಂತೆ.

ಅವನ ಕೆಲಸ ಕಾಣಿಸಿಕೊಳ್ಳುವುದು. ಬ್ರೂವರಿ ನೋಡಲು ಬರುವ ಜನರನ್ನು ದಪ್ಪ ಗಾಜಿನ ಹಿಂದೆ, ಮೆತ್ತನೆಯ ನೆಲಹಾಸಿನ ಮೇಲೆ, ಬರಿಗಾಲಿನಲ್ಲಿ ನಡೆಸುತ್ತಿದ್ದರು. ಗಾಜಿನ ಆಚೆ ಟ್ಯಾಂಕುಗಳು ನಿಶ್ಶಬ್ದವಾಗಿ ನಿಂತಿರುತ್ತಿದ್ದವು. ಈಚೆ ನೊರೆಯಣ್ಣ. ಜನ ಇಬ್ಬರ ಫೋಟೋವನ್ನೂ ತೆಗೆದುಕೊಳ್ಳುತ್ತಿದ್ದರು. "ಬುಳುಕ್ ಅನ್ನೋದು ಎಲ್ಲಿ ಕೇಳುತ್ತೆ?" ಎಂದು ಅವನೊಮ್ಮೆ ವಿಚಾರಿಸಿದ. ಎಲ್ಲೂ ಕೇಳುವುದಿಲ್ಲವೆಂದು ತಿಳಿಯಿತು.

"ನನ್ನನ್ನ ಶೆಡ್ಡಿಗೆ ಕಳಿಸಿಬಿಡಯ್ಯಾ," ಎಂದು ಭಾವಮೈದುನನಲ್ಲಿ ಬೇಡಿಕೊಂಡ. "ಒಂದು ಸಣ್ಣ ಟ್ಯಾಂಕು ಕೊಡು, ಸಾಕು."

"ಸ್ಥಾಪಕ ಶೆಡ್ಡಲ್ಲಿ ಕೂತ್ರೆ ಜನ ಏನಂತಾರೆ ಭಾವ? ಕಂಪನಿ ಮುಳುಗ್ತಿದೆ ಅಂತಾರೆ. ಕುರ್ಚಿ ತಿರುಗುತ್ತಲ್ಲ, ತಿರುಗ್ತಾ ಇರಿ."

ತಿರುಗುತ್ತಲೇ ಇರುತ್ತಿದ್ದನೋ ಏನೋ, ಒಬ್ಬ ಪ್ರವಾಸಿಗೆ ಶೌಚಾಲಯ ಹುಡುಕಬೇಕಾಗಿ ಬರದಿದ್ದರೆ. ಅವನು ತಪ್ಪು ಬಾಗಿಲು ತೆರೆದ. ತಗಡಿನ ಮನೆಯ ಕುದುರೆಗಳೆಲ್ಲ ಒಮ್ಮೆಗೇ ಅವನ ಮೇಲೆ ಬಿದ್ದವು. ನಿದ್ದೆ ಮಾಡುವ ಬಿಯರಿನ ಮನೆಯಲ್ಲಿ ಇಷ್ಟು ರಂಪವೇ ಎಂದು ಅವನಿಗೆ ಎಷ್ಟು ಆಘಾತವಾಯಿತೆಂದರೆ, ಬಂದ ಕೆಲಸ ಮರೆತು ನೇರವಾಗಿ ದೂರು ಕೊಡಲು ಹೋದ.

ಆ ದೂರಿನ ಮೇಲೆ ಬಂದವನು ಲೇಬಲ್ ಅಧಿಕಾರಿ. ಮಾರುವ ಪದಾರ್ಥದ ಮೇಲೆ ಬರೆದದ್ದು ನಿಜವೋ ಸುಳ್ಳೋ ಎಂದು ತನಿಖೆ ಮಾಡುವುದು ಅವನ ಕೆಲಸ. "ಅಜ್ಜಿಯ ಕೈರುಚಿ" ಎಂದು ಬರೆದಿದ್ದ ಬಿಸ್ಕತ್ತಿನ ಕಾರ್ಖಾನೆಗೆ ಹೋಗಿ, "ಅಜ್ಜಿಯನ್ನು ಹಾಜರುಪಡಿಸಿ," ಎಂದವನು ಅವನು. ಅಜ್ಜಿ ಸಿಗಲಿಲ್ಲ. ಬಿಸ್ಕತ್ತು ಹೋಯಿತು.

"ನಿದ್ದೆಯಲ್ಲಿ ಮಾಗಿದ್ದು ಅಂತ ಬರೆದಿದ್ದೀರಿ," ಎಂದ ಅಧಿಕಾರಿ. "ಎಲ್ಲಿ ಮಲಗಿದೆ, ತೋರಿಸಿ."

ಭಾವಮೈದುನ ಟ್ಯಾಂಕುಗಳ ಬಳಿ ಕರೆದೊಯ್ದ. ಅಧಿಕಾರಿ ಒಂದರ ಮೇಲೆ ಅಂಗೈ ಇಟ್ಟ. ಪಕ್ಕದ ಯಂತ್ರದ ಕಂಪನ ಟ್ಯಾಂಕಿನಲ್ಲಿ ಓಡುತ್ತಿತ್ತು.

"ಇದು ನಡುಗ್ತಾ ಇದೆಯಲ್ಲ."

"ಕನಸು ಬೀಳ್ತಿರಬೇಕು ಸಾರ್."

"ಹಾಗಂತ ಬರ್ಕೊಳ್ಳಲಾ?"

"ಬೇಡ ಸಾರ್."

ಅಧಿಕಾರಿ ಸ್ಥಾಪಕರ ಕಡೆ ತಿರುಗಿದ. "ನೀವು ಹೇಳಿ. ಬಿಯರಿಗೆ ನಿದ್ದೆ ಹತ್ತಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಅಷ್ಟು ದಿನಗಳಿಂದ ಯಾರೂ ಅವನಲ್ಲಿ ಕೆಲಸದ ವಿಷಯ ಕೇಳಿರಲಿಲ್ಲ. ಆ ಸಂತೋಷದಲ್ಲಿ ನೊರೆಯಣ್ಣ ಮೈಮರೆತ. "ಮೇಲೆ ಮಂಚ ಒಂದು ಸಲ ಕಿರ್ರ್ ಅನ್ನುತ್ತೆ. ಆಮೇಲೆ ಸುಮ್ಮನಾಗುತ್ತೆ. ಅಲ್ಲಿಂದ ಚಹಾದವರೆಗೆ ಚಿಂತೆ ಇಲ್ಲ."

"ಮಂಚವೇ?"

"ಭಾವ ಸ್ವಲ್ಪ ಕವಿ ಸಾರ್," ಎಂದ ಭಾವಮೈದುನ, ಗಡಿಬಿಡಿಯಿಂದ.

"ಯಾವ ಮಂಚ? ಯಾರ ಮಂಚ?" ಅಧಿಕಾರಿ ಟೋಪಿ ಸರಿಮಾಡಿಕೊಂಡ. "ನಡೆಯಿರಿ, ಮಂಚ ನೋಡೋಣ."

ಅತ್ತೆಯ ಹಜಾರದಲ್ಲಿ ವಿಚಾರಣೆ ಕೂಡಿತು. ಅಧಿಕಾರಿ ಮಾವನವರ ಕುರ್ಚಿಯಲ್ಲಿ, ಅತ್ತೆ ಎದುರಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮಗಳು ಬಾಗಿಲಿಗೊರಗಿ. ತಗಡಿನವನನ್ನು ಯಾರೂ ಕರೆದಿರಲಿಲ್ಲ, ಆದರೂ ಬೀದಿಯ ಪರವಾಗಿ ಬಂದು ಕಿಟಕಿಯ ಹೊರಗೆ ನಿಂತಿದ್ದ. ನೊರೆಯಣ್ಣನಿಗೆ ಕೂರಲು ಯಾರೂ ಹೇಳಲಿಲ್ಲ.

"ಕೆಳಗಿನ ಶೆಡ್ಡಿನಲ್ಲಿ ಬಿಯರ್ ಮಾಡುವಾಗ ನಿಜವಾಗಿ ಮೌನ ಇತ್ತೇ ತಾಯಿ?"

"ಇತ್ತು," ಎಂದರು ಅತ್ತೆ. "ನಮ್ಮ ಅಳಿಯಂದಿರಂಥ ಶಿಸ್ತು ಎಲ್ಲಿ ಸಿಗುತ್ತೆ? ಒಂದು ಲೋಟ ಇಟ್ಟ ಸದ್ದು ಬರ್ತಿರಲಿಲ್ಲ."

"ಸರಿ. ಯಾಕೆ ಮೌನ ಇತ್ತು ಅನ್ನೋದನ್ನ ಅವರೇ ಹೇಳಲಿ. ಬಿಯರ್ ಮಲಗುತ್ತದೆ ಅನ್ನುವುದಕ್ಕೆ ಆಧಾರ ಏನು?"

ಎಲ್ಲರೂ ನೊರೆಯಣ್ಣನ ಕಡೆ ನೋಡಿದರು. ಭಾವಮೈದುನ ಕೈಸನ್ನೆಯಲ್ಲಿ ನಲ್ಲಿ ಮುಚ್ಚು ಎನ್ನುತ್ತಿದ್ದ. ನೊರೆಯಣ್ಣ ಅತ್ತೆಯ ಮುಖ ನೋಡಿದ. ಅದರಲ್ಲಿದ್ದ ಹೆಮ್ಮೆ ಇನ್ನು ಎಷ್ಟು ಹೊತ್ತಿನದು ಎಂಬುದು ಅವನ ನಾಲಿಗೆಯ ಮೇಲಿತ್ತು. ಮತ್ತೊಂದು ಸುಳ್ಳು ಹೇಳಬಹುದಿತ್ತು. ಆದರೆ ಮೊದಲನೆಯದೇ ಅವನನ್ನು ಗಾಜಿನ ಕೋಣೆಗೆ ತಲುಪಿಸಿತ್ತು. ಎರಡನೆಯದು ಎಲ್ಲಿಗೆ ಒಯ್ಯುವುದೋ ಯಾರಿಗೆ ಗೊತ್ತು. ಅವನು ಹೆಂಡತಿಯ ಕಡೆ ತಿರುಗಿದ.

"ಅಮ್ಮನಿಗೆ ಹೇಳು..."

"ಹೇಳಲ್ಲ," ಎಂದಳು ಹೆಂಡತಿ. "ಈ ಸಲ ನೀವೇ ಹೇಳಿ. ನನಗೆ ಸಾಕಾಗಿದೆ."

"ಬಿಯರ್ ಮಲಗಿರಲಿಲ್ಲ," ಎಂದ ನೊರೆಯಣ್ಣ, ನೆಲಕ್ಕೆ. "ಬಿಯರಿಗೆ ನಿದ್ದೆ ಗಿದ್ದೆ ಏನೂ ಇಲ್ಲ. ಮಲಗಿದ್ದೋರು ಇವರು. ಪೀಪಾಯಿ ಬಿದ್ದಾಗ ಕೆಮ್ಮಿದ್ರು. ಎಬ್ಬಿಸಿದ್ರೆ ಶೆಡ್ಡು ಹೋಗುತ್ತೆ ಅಂತ ಹೆದರಿ ಪಂಪಿಗೆ ರಜಾಯಿ ಸುತ್ತಿದೆ. ಅಷ್ಟೇ ವಿಷಯ. ಶಿಸ್ತಲ್ಲ, ಭಯ."

ಕಿಟಕಿಯ ಹೊರಗೆ ತಗಡಿನವನು, "ಅಯ್ಯೋ, ಇದಕ್ಕೋಸ್ಕರ ನಾನು ಬೀದಿ ಜನನ್ನೆಲ್ಲ ಬೈದ್ನಲ್ಲ," ಎಂದದ್ದು ಒಳಗೆ ಎಲ್ಲರಿಗೂ ಕೇಳಿಸಿತು.

ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ನಾನೆಲ್ಲಿ ಮಲಗ್ತಿದ್ದೆ?" ಎಂದರು.

"ಅಂದ್ರೆ?"

"ಬಾಗಿಲಿಗೆ ಬೋರ್ಡು ಹಾಕಿದ್ರಲ್ಲ, ಸದ್ದು ಮಾಡಬೇಡಿ ಅಂತ. ಮೆಟ್ಟಿಲು ಇಳಿಯುವಾಗ ಓದಿದೆ. ಬಿಯರ್ ಕೆಲಸ ಅಂದ್ರೆ ಹಾಗೇ ಇರಬೇಕು, ಸದ್ದಾದ್ರೆ ಕೆಡುತ್ತೇನೋ ಅಂದ್ಕೊಂಡೆ. ಮಧ್ಯಾಹ್ನ ಊಟ ಆದ್ಮೇಲೆ ಹೊಲಿಗೆ ಮಷಿನ್ ತುಳೀತಿದ್ದೆ. ಬಿಟ್ಟೆ. ರೇಡಿಯೋ ಬಿಟ್ಟೆ. ಬೇರೆ ಏನು ಮಾಡೋದು? ಮಂಚದ ಮೇಲೆ ಬಿದ್ಕೊಂಡೆ. ಆ ಹಾಳು ಮಂಚ ಮಗ್ಗುಲು ಬದಲಿಸಿದ್ರೆ ಕಿರ್ರ್ ಅನ್ನುತ್ತೆ. ಅದಕ್ಕೆ ಸೂರು ನೋಡ್ತಾ ಹೆಣದ ಹಾಗೆ ನೆಟ್ಟಗೆ ಬಿದ್ದಿರ್ತಿದ್ದೆ, ಚಹಾದವರೆಗೆ. ದಿನಾ."

"ಆ ಟಕಟಕ..." ಎಂದ ನೊರೆಯಣ್ಣ.

"ಮಷಿನ್ನು."

"ಕೆಮ್ಮು?"

"ದಾರ ಕಚ್ಚುವಾಗ ಎಳೆ ಗಂಟಲಿಗೆ ಹೋಗಿತ್ತು."

ಅಧಿಕಾರಿ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ. ಅಜ್ಜಿಯಿಲ್ಲದ ಬಿಸ್ಕತ್ತನ್ನು ನೋಡಿದವನು, ಕೈಯೇ ತಾಗದ ಕೈಮಗ್ಗದ ಬಟ್ಟೆಯನ್ನು ನೋಡಿದವನು. ಇಂಥದ್ದನ್ನು ನೋಡಿರಲಿಲ್ಲ.

"ಇವರು ಮಲಗಿದ್ದಾರೆ ಅಂತ ನೀವು ಸುಮ್ಮನಿದ್ರಿ. ನೀವು ಸುಮ್ಮನಿರಿ ಅಂದ್ರಿ ಅಂತ ಇವರು ಮಲಗಿದ್ರು," ಎಂದ ನಿಧಾನವಾಗಿ. "ಮಧ್ಯದಲ್ಲಿ ಬಿಯರ್ ಪಾಪ, ಯಾರಿಗೇನಾಗಿದೆ ಅಂತ ಗೊತ್ತಿಲ್ಲದೆ ಮಾಗ್ತಾ ಇತ್ತು."

"ಹೌದು ಸಾರ್," ಎಂದ ನೊರೆಯಣ್ಣ.

"ನೋಡಿ, ಕಾರಣ ನನ್ನ ಇಲಾಖೆಗೆ ಸೇರಿದ್ದಲ್ಲ. ನಿದ್ದೆಯಲ್ಲಿ ಮಾಗಿದ್ದು ಅಂದ್ರೆ ಬಿಯರೇ ಮಲಗಬೇಕು ಅಂತ ಎಲ್ಲೂ ಇಲ್ಲ. ಮೇಲೆ ಒಬ್ಬರು ಮಲಗಿದ್ರು, ಅಥವಾ ಮಲಗಿದ ಹಾಗೆ ಬಿದ್ದಿದ್ರು, ಕೆಳಗೆ ಸದ್ದಿರಲಿಲ್ಲ. ಇದಕ್ಕೆ ಸಾಕ್ಷಿ ಇದೆ. ಅಜ್ಜಿಯೇ ಹಾಜರಿದ್ದಾರೆ."

"ಅಜ್ಜಿಯಲ್ಲ," ಎಂದರು ಅತ್ತೆ.

"ಕ್ಷಮಿಸಿ ತಾಯಿ. ಹಾಗಾಗಿ ಲೇಬಲ್ ಉಳಿಯುತ್ತೆ. ಆದ್ರೆ ಈ ಶೆಡ್ಡಲ್ಲಿ ಮಾಡಿದ ಬಿಯರಿಗೆ ಮಾತ್ರ, ಅದೂ ಮೇಲೆ ಯಾರಾದರೂ ಮಲಗಿರೋವಾಗ. ಆ ನಡುಗೋ ಟ್ಯಾಂಕಿನದ್ದಕ್ಕೆ ಬೇರೆ ಹೆಸರು ಹುಡುಕ್ಕೊಳ್ಳಿ."

ಭಾವಮೈದುನನ ಮುಖ ಬಾಡಿತು. ಆದರೆ ಅವನದು ಬೇಗ ಚಿಗುರುವ ಜಾತಿ. ಅಧಿಕಾರಿ ಮೆಟ್ಟಿಲು ಇಳಿಯುವಷ್ಟರಲ್ಲಿ ದೊಡ್ಡ ಬ್ರೂವರಿಯ ಬಿಯರಿಗೆ "ಎಚ್ಚರ" ಎಂಬ ಹೆಸರು ಹೊಳೆದಿತ್ತು. ಪ್ರವಾಸಿಗಳಿಗೆ ಬಾಟ್ಲಿ ಯಂತ್ರದ ಬಾಗಿಲನ್ನೇ ತೆರೆದು ತೋರಿಸುವುದಾಗಿ, ಬೇಕಾದವರಿಗೆ ಕೂಗಾಡಲೂ ಅವಕಾಶ ಕೊಡುವುದಾಗಿ ಅಲ್ಲೇ ಘೋಷಿಸಿದ. ಅದು ಮೊದಲಿನದಕ್ಕಿಂತ ಚೆನ್ನಾಗಿಯೇ ನಡೆಯಿತು. ನಿದ್ದೆ ಬೇಡುವವರಿಗಿಂತ ಕೂಗಾಡಲು ಜಾಗ ಹುಡುಕುವವರು ಲೋಕದಲ್ಲಿ ಹೆಚ್ಚು ಎಂಬುದು ಅವನಿಗೆ ತಡವಾಗಿ ತಿಳಿಯಿತು.

ನೊರೆಯಣ್ಣನಿಗೆ ಶೆಡ್ಡು ಮರಳಿ ಸಿಕ್ಕಿತು. ಲೇಬಲ್ಲಿನ ಪೆಟ್ಟಿಗೆಗಳನ್ನು ಹೊರಹಾಕಿ, ನೆಲ ತೊಳೆದು, ಸಣ್ಣ ಟ್ಯಾಂಕನ್ನು ಕೂರಿಸಿ, ಕೊಳವೆಯನ್ನು ಬಕೆಟ್ಟಿಗೆ ಇಳಿಬಿಟ್ಟ. ಬುಳುಕ್ ಎಂದಿತು. ಅವನು ಕುರ್ಚಿಯ ಮೇಲೆ ಕುಳಿತ. ಕುರ್ಚಿ ತಿರುಗಲಿಲ್ಲ.

ಸಿಕ್ಕದಿದ್ದದ್ದು ಅತ್ತೆಯ ಮಾತು. ಇಷ್ಟು ಕಾಲ ತನ್ನನ್ನು ವಿನಾಕಾರಣ ಸೂರು ನೋಡುತ್ತ ಮಲಗಿಸಿದನೆಂದು ಅವರಿಗೆ ಸಿಟ್ಟು ಬಂದಿತ್ತು, ಮತ್ತು 'ಇರೋರಿಗೆ ಹೇಳು' ಮತ್ತೆ ಶುರುವಾಗಿತ್ತು.

"ಶೆಡ್ಡಲ್ಲಿ ಇರೋರಿಗೆ ಹೇಳು, ಲೇಬಲ್ಲಿಗೋಸ್ಕರ ಮಲಗೋದು ಇನ್ನು ನನ್ನ ಕೈಲಾಗಲ್ಲ. ಬಾಕಿ ಬಿದ್ದಿರೋ ಹೊಲಿಗೆ ಬೆಟ್ಟದಷ್ಟಿದೆ."

"ಅಮ್ಮನಿಗೆ ಹೇಳು, ಯಾರಾದ್ರೂ ಮಲಗದಿದ್ರೆ ಲೇಬಲ್ ಹೋಗುತ್ತೆ, ನಾನು ವಾಪಸ್ ಗಾಜಿನ ಕೋಣೆಗೆ ಹೋಗಬೇಕಾಗುತ್ತೆ."

ಹೆಂಡತಿ ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. "ನಾನು ಮಲಗ್ತೀನಿ," ಎಂದಳು.

"ನೀನಾ?"

"ಮದುವೆ ಆದಾಗಿನಿಂದ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಎಕ್ಸ್‌ಚೇಂಜಿಗೆ ಇವತ್ತಿಂದ ಮಧ್ಯಾಹ್ನ ರಜ. ಅಮ್ಮ, ಮಷಿನ್ನನ್ನ ಹಿತ್ತಲ ಕೋಣೆಗೆ ಹಾಕ್ಕೋ, ಅಲ್ಲಿಂದ ಸದ್ದು ಬರಲ್ಲ. ನಿನ್ನ ಮಂಚ ನನಗೆ ಬೇಕು." ಎಂದವಳೇ ಹೋಗಿ ಬಾಗಿಲು ಹಾಕಿಕೊಂಡಳು. ಮಂಚ ಕಿರ್ರೆಂದಿತು.

ಕೆಲವು ವಾರ ಹೀಗೆ ಕಳೆದು ಬಿಯರ್ ಮಾಗಿದ ದಿನವೂ ಊಟದ ನಂತರದ ಮೌನ ಕವಿಯಿತು. ಕೆಳಗೆ ನೊರೆಯಣ್ಣ ಹೊಸ ಬಿಯರಿನ ಮೊದಲ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳವಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಶೆಡ್ಡು ಬ್ರೂವರಿಯಾದ ಮೇಲೆ ಅವರು ಒಳಗೆ ಕಾಲಿಟ್ಟಿರಲೇ ಇಲ್ಲ.

ಅವರು ಹೇಳಲು ಬಾಯಿ ತೆರೆದರು, ಹಿಂತಿರುಗಿ ಮಗಳನ್ನು ಹುಡುಕಿದರು, ಮೇಲೆ ನೋಡಿದರು. ಮೇಲಿನಿಂದ ಸಣ್ಣಗೆ, ನೆಮ್ಮದಿಯ ಗೊರಕೆ ಇಳಿಯುತ್ತಿತ್ತು. ಅದನ್ನು ಎಬ್ಬಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅತ್ತೆ ಒಂದು ಮಗುಚಿದ ಪೆಟ್ಟಿಗೆಯ ಮೇಲೆ ಕುಳಿತು ಕೈ ಚಾಚಿದರು. ನೊರೆಯಣ್ಣ ಲೋಟ ಕೊಟ್ಟ. ಅವರು ಔಷಧಿ ಕುಡಿಯುವವರಂತೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಮೂಗು ಮುರಿದರು. ಮೇಲುತುಟಿಯ ಮೇಲೆ ನೊರೆಯ ಮೀಸೆ ಕೂತಿತ್ತು.

"ಇದನ್ನ ಮಾಡೋಕೋಸ್ಕರ," ಎಂದರು ಪಿಸುದನಿಯಲ್ಲಿ, ನೇರವಾಗಿ ಅವನಿಗೆ, "ನಾನು ಅಷ್ಟು ದಿನ ಸೂರು ನೋಡಿದ್ನಾ?"

"ಹೂಂ," ಎಂದ ನೊರೆಯಣ್ಣ, ಅದೇ ದನಿಯಲ್ಲಿ.

ಅತ್ತೆ ಲೋಟವನ್ನು ನೋಡಿದರು. ಅವನನ್ನು ನೋಡಿದರು. ಲೋಟವನ್ನು ಹಿಂದಿರುಗಿಸುವ ಯಾವ ಲಕ್ಷಣವೂ ಕಾಣಲಿಲ್ಲ.

"ನಿಮಗೆ ಬೇರೆ ತಗೊಳ್ಳಿ," ಎಂದರು.